1, 2.5, 10 ಗಿಗಾಬಿಟ್: ತಂತಿ ನೆಟ್‌ವರ್ಕ್ ಕಟ್ಟುವಾಗ ಹಣ ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬಹುದು

ಮನೆ ಅಥವಾ ಕಚೇರಿಯ ಸಾಧನಗಳನ್ನು ತಂತಿಯಲ್ಲಿ ಒಂದಕ್ಕೊಂದು ಜೋಡಿಸುವ ಪೆಟ್ಟಿಗೆಯಾದ ಸ್ವಿಚ್ ಹಳತಾದರೆ ಹತ್ತು ನಿಮಿಷದಲ್ಲಿ ಬಿಚ್ಚಿ ಬೇರೆಯದನ್ನು ಕೂರಿಸಬಹುದು. ನೆಟ್‌ವರ್ಕ್ ಕಾರ್ಡ್ ನಿಧಾನವೆನಿಸಿದರೆ ಅದನ್ನೂ ಬದಲಿಸಬಹುದು. ಗೋಡೆಯೊಳಗೆ ಹೂತ ಕೇಬಲ್ ಮಾತ್ರ ಹಾಗಲ್ಲ. ಅದು ಕೈಕೊಟ್ಟರೆ ಗೋಡೆಯನ್ನೇ ಒಡೆಯಬೇಕು. ಆದರೂ ಖರೀದಿಯ ಹೊತ್ತಿಗೆ ಸ್ವಿಚ್ಚಿನ ಬಗ್ಗೆ ವಾರಗಟ್ಟಲೆ ಯೋಚಿಸಿ, ಕೇಬಲ್ಲನ್ನು ಕೊನೇ ಗಳಿಗೆಯಲ್ಲಿ ಸಿಕ್ಕಿದ್ದು ತರುವುದೇ ಹೆಚ್ಚು. ಈ ಕ್ರಮ ಉಲ್ಟಾ ಆಗಬೇಕು. ಗೋಡೆಯೊಳಗೆ ಹೋಗುವುದಕ್ಕೆ ಮುಂದಿನ ಇಪ್ಪತ್ತು ವರ್ಷದ ಲೆಕ್ಕ ಹಾಕಿ, ಹೊರಗೆ ಕೂರುವುದಕ್ಕೆ ಇವತ್ತಿನ ಅಗತ್ಯದ ಲೆಕ್ಕ ಸಾಕು.

ಮೊದಲು ಇಕ್ಕಟ್ಟು ಎಲ್ಲಿದೆ ನೋಡಿ

ನೆಟ್‌ವರ್ಕಿನ ವೇಗವನ್ನು ಬಿಟ್‌ನಲ್ಲಿ ಹೇಳುತ್ತಾರೆ, ಫೈಲ್ ನಕಲಾಗುವ ವೇಗವನ್ನು ಬೈಟ್‌ನಲ್ಲಿ. 1 ಗಿಗಾಬಿಟ್ ಎಂದರೆ ಸೆಕೆಂಡಿಗೆ 125 ಮೆಗಾಬೈಟ್. ಪ್ರತಿ ಪ್ಯಾಕೆಟ್ಟಿನ ಹೆಡರ್ ಮತ್ತು ಪ್ಯಾಕೆಟ್ಟುಗಳ ನಡುವಿನ ಬಿಡುವನ್ನು ಕಳೆದರೆ ಕೈಗೆ ಸಿಗುವುದು ಸುಮಾರು 117. ಇದೇ ಲೆಕ್ಕದಲ್ಲಿ 2.5 ಗಿಗಾಬಿಟ್ಟಿನಲ್ಲಿ 290ರ ಆಸುಪಾಸು, 10 ಗಿಗಾಬಿಟ್ಟಿನಲ್ಲಿ 1,170ರ ಆಸುಪಾಸು ಸಿಗುತ್ತದೆ. 50 ಗಿಗಾಬೈಟಿನ ಒಂದು ವಿಡಿಯೊ ಫೈಲ್ ಕಳಿಸಲು ಮೊದಲನೆಯದಕ್ಕೆ ಏಳು ನಿಮಿಷ, ಎರಡನೆಯದಕ್ಕೆ ಮೂರು ನಿಮಿಷದೊಳಗೆ, ಮೂರನೆಯದಕ್ಕೆ ಮುಕ್ಕಾಲು ನಿಮಿಷ.

ಆದರೆ ಈ ಮುಕ್ಕಾಲು ನಿಮಿಷ ಸಿಗಬೇಕಾದರೆ ಎರಡೂ ತುದಿಯ ಡಿಸ್ಕುಗಳು ಅಷ್ಟು ವೇಗವಾಗಿ ಓದಿ ಬರೆಯಬೇಕು. ತಿರುಗುವ ಹಾರ್ಡ್ ಡಿಸ್ಕ್ ಒಂದು ದೊಡ್ಡ ಫೈಲನ್ನು ಒಂದೇ ಸಮನೆ ಓದುವಾಗ ಸೆಕೆಂಡಿಗೆ ಸುಮಾರು 150ರಿಂದ 270 ಮೆಗಾಬೈಟ್ ಕೊಡುತ್ತದೆ. ಸಾಟಾ ಎಸ್‌ಎಸ್‌ಡಿ 550ರ ಹತ್ತಿರ ನಿಲ್ಲುತ್ತದೆ. ಅದಕ್ಕಿಂತ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಮಾತ್ರ 10 ಗಿಗಾಬಿಟ್ಟನ್ನು ಪೂರ್ತಿ ತುಂಬಬಲ್ಲದು. ಹಾಗಾಗಿ ಒಂದೆರಡು ಹಾರ್ಡ್ ಡಿಸ್ಕಿನ ಸ್ಟೋರೇಜ್ ಪೆಟ್ಟಿಗೆಗೆ 10 ಗಿಗಾಬಿಟ್ ಹಾಕಿದರೆ ಹಣ ಹೋಗುತ್ತದೆ, ವೇಗ ಬರುವುದಿಲ್ಲ, 2.5 ಅದಕ್ಕೆ ಹೇಳಿ ಮಾಡಿಸಿದ ಜೋಡಿ. ಸಾವಿರಾರು ಸಣ್ಣ ಫೋಟೊಗಳನ್ನು ನಕಲಿಸುವ ಕೆಲಸವಾದರೆ ಇದೂ ಬೇಡ. ಅಲ್ಲಿ ಒಂದೊಂದು ಫೈಲ್ ತೆರೆದು ಮುಚ್ಚುವುದಕ್ಕೇ ಹೊತ್ತು ಹೋಗುತ್ತದೆ, ತಂತಿ ಬಹುಪಾಲು ಖಾಲಿ ಇರುತ್ತದೆ.

ಇಂಟರ್ನೆಟ್ ಬಳಕೆಯಷ್ಟೇ ಇದ್ದು ಪ್ಲಾನ್ 1 ಗಿಗಾಬಿಟ್ಟಿಗಿಂತ ಕಡಿಮೆ ಇದ್ದರೆ 1 ಗಿಗಾಬಿಟ್ ಸ್ವಿಚ್ಚೇ ಸಾಕು. 4ಕೆ ಸ್ಟ್ರೀಮಿಂಗ್ ಒಂದಕ್ಕೆ 25 ಮೆಗಾಬಿಟ್ ಇದ್ದರೆ ಧಾರಾಳ. ಎಷ್ಟೋ ಟಿವಿಗಳಲ್ಲಿ ಇಂದಿಗೂ 100 ಮೆಗಾಬಿಟ್ ಪೋರ್ಟ್ ಇರುವುದು ಇದೇ ಕಾರಣಕ್ಕೆ.

ಕೇಬಲ್: ಇಲ್ಲಿ ಜಿಪುಣತನ ಬೇಡ, ಆದರೆ ದೊಡ್ಡ ನಂಬರಿಗೂ ಮರುಳಾಗಬೇಡಿ

ನೆಟ್‌ವರ್ಕ್ ಕೇಬಲ್ಲಿನೊಳಗೆ ಎರಡೆರಡಾಗಿ ತಿರುಚಿದ ನಾಲ್ಕು ಜೋಡಿ ತಂತಿಗಳಿರುತ್ತವೆ, ಅದರ ದರ್ಜೆಯನ್ನು ಕ್ಯಾಟ್ ಎಂದು ಗುರುತಿಸುತ್ತಾರೆ. ಕ್ಯಾಟ್ 5ಇ ಕೇಬಲ್ 100 ಮೆಗಾಹರ್ಟ್ಸ್‌ವರೆಗೆ, ಕ್ಯಾಟ್ 6 250ರವರೆಗೆ, ಕ್ಯಾಟ್ 6ಎ 500ರವರೆಗೆ ಪರೀಕ್ಷಿಸಲ್ಪಟ್ಟವು. 1999ರಲ್ಲಿ ಬಂದ ತಾಮ್ರದ ಗಿಗಾಬಿಟ್ ಮಾನದಂಡಕ್ಕೂ 2016ರಲ್ಲಿ ಬಂದ 2.5 ಗಿಗಾಬಿಟ್ ಮಾನದಂಡಕ್ಕೂ ಕ್ಯಾಟ್ 5ಇ ಸಾಕು, ಅದೂ 100 ಮೀಟರ್‌ವರೆಗೆ. ಹಳೆಯ ಕ್ಯಾಟ್ 5ಇ ಈಗಾಗಲೇ ಗೋಡೆಯಲ್ಲಿದ್ದರೆ ಕೀಳಬೇಡಿ. 2.5 ಮತ್ತು 5 ಗಿಗಾಬಿಟ್ಟನ್ನು ರೂಪಿಸಿದ್ದೇ ಇಂಥ ಹಳೆಯ ತಂತಿಯ ಮೇಲೆ ಹೆಚ್ಚು ವೇಗ ಓಡಿಸಲಿಕ್ಕೆ. 10 ಗಿಗಾಬಿಟ್ ಬೇಕೆಂದರೆ ಕ್ಯಾಟ್ 6 ಸುಮಾರು 55 ಮೀಟರ್‌ವರೆಗೆ ನಡೆಯುತ್ತದೆ. ಹಲವು ಕೇಬಲ್‌ಗಳನ್ನು ಒಂದೇ ಕಟ್ಟಿನಲ್ಲಿ ಬಿಗಿದರೆ ಅಕ್ಕಪಕ್ಕದ ಕೇಬಲ್ಲಿನ ಗದ್ದಲ ನುಸುಳಿ ಈ ದೂರ 37 ಮೀಟರ್‌ಗೂ ಇಳಿಯಬಹುದು. ಕ್ಯಾಟ್ 6ಎ ಪೂರ್ತಿ 100 ಮೀಟರ್ ಎಳೆಯುತ್ತದೆ.

ಹೊಸದಾಗಿ ಹಾಕುವುದಾದರೆ ನಮ್ಮ ಆಯ್ಕೆ ಸ್ಪಷ್ಟ. ಒಂದೊಂದು ಎಳೆತ 30 ಮೀಟರಿನೊಳಗಿರುವ ಮನೆಗೆ ಅಪ್ಪಟ ತಾಮ್ರದ ಕ್ಯಾಟ್ 6. ಉದ್ದದ ಎಳೆತ, ದಪ್ಪ ಕಟ್ಟುಗಳಿರುವ ಕಚೇರಿಗೆ ಕ್ಯಾಟ್ 6ಎ. 6ಎ ದಪ್ಪ, ಬಿರುಸು, ಸುಲಭಕ್ಕೆ ಬಾಗುವುದಿಲ್ಲ. ಪೈಪಿನ ಒಳಜಾಗದ ಶೇ. 40ಕ್ಕಿಂತ ಹೆಚ್ಚು ತುಂಬಿದರೆ ಎಳೆಯುವಾಗಲೇ ಜೋಡಿಗಳ ತಿರುಚು ಕೆಡುತ್ತದೆ. ಕಿರಿದಾದ ಪೈಪಿನಲ್ಲಿ ಬಲವಂತವಾಗಿ ತುರುಕಿದ 6ಎಗಿಂತ ಸಲೀಸಾಗಿ ಹೋದ ಕ್ಯಾಟ್ 6 ಎಷ್ಟೋ ವಾಸಿ.

ಕ್ಯಾಟ್ 7 ಎಂದು ಬರೆದ ಚಪ್ಪಟೆ ಪ್ಯಾಚ್ ಕಾರ್ಡ್‌ಗಳ, ಅಂದರೆ ಸಾಧನವನ್ನು ಜ್ಯಾಕಿಗೆ ಜೋಡಿಸುವ ಗಿಡ್ಡ ಕೇಬಲ್‌ಗಳ, ಹಿಂದೆ ಹೋಗಬೇಡಿ. ಕ್ಯಾಟ್ 7ನ್ನು ಅಮೆರಿಕದ ಕೇಬಲ್ ಮಾನದಂಡ ಮಾನ್ಯ ಮಾಡಿಯೇ ಇಲ್ಲ, ಅಂತರರಾಷ್ಟ್ರೀಯ ಮಾನದಂಡ ಅದಕ್ಕೆ ಹೇಳಿದ ಕನೆಕ್ಟರ್ ಕಂಪ್ಯೂಟರ್, ಸ್ವಿಚ್ಚುಗಳಲ್ಲಿ ಕಾಣುವ ನಮ್ಮೆಲ್ಲರ ಆರ್‌ಜೆ45 ಅಲ್ಲ. ಕ್ಯಾಟ್ 8 ನಿಜವಾದ ಮಾನದಂಡವೇ, ಆದರೆ ಅದು ಡೇಟಾ ಸೆಂಟರಿನಲ್ಲಿ 30 ಮೀಟರ್‌ವರೆಗೆ 25 ಮತ್ತು 40 ಗಿಗಾಬಿಟ್ ಓಡಿಸಲು ಇರುವುದು. ಶೀಲ್ಡ್ ಇರುವ ಕೇಬಲ್ ಕೂಡ ಹೆಚ್ಚಿನ ಕಡೆ ಬೇಡ. ಶೀಲ್ಡಿಗೆ ಸರಿಯಾಗಿ ಅರ್ಥಿಂಗ್ ಕೊಡದಿದ್ದರೆ ಅದೇ ಆಂಟೆನಾ ಆಗಿ ಗದ್ದಲವನ್ನು ಹಿಡಿದು ತರಬಹುದು.

ನಿಜವಾದ ಮೋಸ ಇರುವುದು ಇಲ್ಲಿ: ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಪೆಟ್ಟಿಗೆಯ ಮೇಲೆ ಸಣ್ಣಕ್ಷರದಲ್ಲಿ ಸಿಸಿಎ ಎಂದಿರುತ್ತದೆ, ಕೆಲವೊಮ್ಮೆ ಅದೂ ಇರುವುದಿಲ್ಲ. ಇಂಥ ತಂತಿ ಯಾವ ಕ್ಯಾಟ್ ಮಾನದಂಡಕ್ಕೂ ಒಳಪಡುವುದಿಲ್ಲ. ಅಲ್ಯೂಮಿನಿಯಂನ ವಾಹಕತೆ ತಾಮ್ರದ ಶೇ. 61ರಷ್ಟು ಮಾತ್ರ, ಆದ್ದರಿಂದ ಸಂಕೇತ ಬೇಗ ಕುಗ್ಗುತ್ತದೆ. ತಂತಿಯಲ್ಲೇ ವಿದ್ಯುತ್ ಕಳಿಸುವ ಪಿಒಇ ಬಳಸಿದರೆ ಕಟ್ಟಿನ ನಡುವಿನ ಕೇಬಲ್ ಬಿಸಿಯಾಗುತ್ತದೆ. ಎರಡು ಮೂರು ಸಲ ಬಾಗಿಸಿದರೆ ಪಟ್ಟನೆ ಮುರಿಯುವುದೂ ಉಂಟು.

ಹಿಡಿಯುವುದು ಕಷ್ಟವಲ್ಲ. ಹೊರಕವಚ ಸುಲಿದು ಒಂದು ತಂತಿಯ ಪ್ಲಾಸ್ಟಿಕ್ ತೆಗೆದು ಬ್ಲೇಡಿನಿಂದ ಉದ್ದಕ್ಕೆ ಕೆರೆಯಿರಿ. ತಾಮ್ರವಾದರೆ ಎಷ್ಟು ಕೆರೆದರೂ ಕೆಂಪೇ. ಲೇಪನವಾದರೆ ನಾಲ್ಕೈದು ಎಳೆತಕ್ಕೆ ಬೆಳ್ಳಿಬಣ್ಣ ಇಣುಕುತ್ತದೆ. ಈಗಾಗಲೇ ಹಾಕಿದ ಕೇಬಲ್ ಆದರೆ ಮಲ್ಟಿಮೀಟರ್ ಸಾಕು. ದೂರದ ತುದಿಯಲ್ಲಿ ಒಂದು ಜೋಡಿಯ ಎರಡೂ ತಂತಿಗಳನ್ನು ಹೊಸೆದು, ಈ ತುದಿಯಲ್ಲಿ ಆ ಜೋಡಿಯ ರೋಧ ಅಳೆಯಿರಿ. ಮೀಟರಿನ ಎರಡು ಕಡ್ಡಿಗಳನ್ನು ಮುಟ್ಟಿಸಿದಾಗ ತೋರುವ ರೋಧವನ್ನು ಕಳೆಯುವುದು ಮರೆಯಬೇಡಿ. 30 ಮೀಟರ್ ಎಳೆತಕ್ಕೆ ತಾಮ್ರವಾದರೆ 4ರಿಂದ 5 ಓಮ್ ಬರುತ್ತದೆ. 6, 7, 8 ಬಂದರೆ ತಂತಿಯನ್ನು ಅನುಮಾನಿಸಿ.

ಇನ್ನೊಂದು ಸಾಮಾನ್ಯ ತಪ್ಪು ಗೋಡೆಯೊಳಗೆ ಮೆತ್ತನೆಯ ತಂತಿ ಹಾಕುವುದು. ಅಲ್ಲಿಗೆ ಗಟ್ಟಿತಂತಿಯ ಕೇಬಲ್ಲೇ ಹೋಗಬೇಕು. ಎಳೆಎಳೆಯಾಗಿ ಹೊಸೆದ ಮೆತ್ತನೆಯ ತಂತಿ ಪ್ಯಾಚ್ ಕಾರ್ಡಿಗೆ ಮಾತ್ರ. 100 ಮೀಟರಿನ ಲೆಕ್ಕದಲ್ಲಿ 90 ಮೀಟರ್ ಗಟ್ಟಿತಂತಿ, ಎರಡೂ ತುದಿಯ ಪ್ಯಾಚ್ ಕಾರ್ಡ್ ಸೇರಿ 10 ಮೀಟರ್. ಗಟ್ಟಿತಂತಿಗೆ ನೇರ ಪ್ಲಗ್ ಕ್ರಿಂಪ್ ಮಾಡದೆ ಗೋಡೆಯಲ್ಲಿ ಪ್ಲಗ್ ಚುಚ್ಚುವ ಕೀಸ್ಟೋನ್ ಜ್ಯಾಕ್ ಕೂರಿಸಿ. ಜ್ಯಾಕಿಗೆ ತಂತಿ ಒತ್ತುವಾಗ ಜೋಡಿಯ ತಿರುಚನ್ನು 13 ಮಿಲಿಮೀಟರ್‌ಗಿಂತ ಹೆಚ್ಚು ಬಿಚ್ಚಬೇಡಿ. ಅಂದವಾಗಿ ಕಾಣಲೆಂದು ಒಂದಂಗುಲಕ್ಕೂ ಹೆಚ್ಚು ಬಿಚ್ಚಿ ನೇರಮಾಡಿದ ಜ್ಯಾಕ್ 1 ಗಿಗಾಬಿಟ್ಟಿನಲ್ಲಿ ತೊಂದರೆ ಕೊಡದೆ, 10ಕ್ಕೆ ಏರಿಸಿದ ದಿನ ತಕರಾರು ಶುರುಮಾಡುತ್ತದೆ. ವಿದ್ಯುತ್ ವೈರಿನ ಜೊತೆ ಒಂದೇ ಪೈಪಿನಲ್ಲಿ ಎಳೆಯಬೇಡಿ. ದಾಟಲೇಬೇಕಾದರೆ ಲಂಬವಾಗಿ ದಾಟಿಸಿ.

2.5 ಏಕೆ, 10 ಏಕೆ

2.5ರ ದೊಡ್ಡ ಗುಣವೆಂದರೆ ಅದು ಏನನ್ನೂ ಕೆಡವಲು ಹೇಳುವುದಿಲ್ಲ. ಹಳೆಯ ಕೇಬಲ್ ಇರಲಿ, ಪೋರ್ಟ್ ಅದೇ ಆರ್‌ಜೆ45, ಶಾಖ ಕಡಿಮೆ, ಫ್ಯಾನ್ ಇಲ್ಲದ ಸ್ವಿಚ್ ಸುಲಭವಾಗಿ ಸಿಗುತ್ತದೆ. ಹೊಸ ಮದರ್‌ಬೋರ್ಡುಗಳಲ್ಲಿ ಬಹಳಷ್ಟಕ್ಕೆ 2.5ರ ಪೋರ್ಟ್ ಹುಟ್ಟಿನಿಂದಲೇ ಇದೆ. ಇಲ್ಲದಿದ್ದರೆ ಯುಎಸ್‌ಬಿ 3ರ ಅಡಾಪ್ಟರ್ ಹಾಕಿದರೂ ಪೂರ್ತಿ ವೇಗ ಸಿಗುತ್ತದೆ. ವೈಫೈ 6 ಮತ್ತು 7ರ ಆಕ್ಸೆಸ್ ಪಾಯಿಂಟ್‌ಗಳಿಗೂ ಇದೇ ತಕ್ಕದ್ದು. ಅವನ್ನು 1 ಗಿಗಾಬಿಟ್ಟಿಗೆ ಚುಚ್ಚಿದರೆ ಗಾಳಿಯಲ್ಲಿ ಬರುವ ವೇಗ ತಂತಿಯಲ್ಲಿ ಸಿಕ್ಕಿಕೊಳ್ಳುತ್ತದೆ.

5 ಗಿಗಾಬಿಟ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ವಿಚ್ಚುಗಳ ಆಯ್ಕೆ ಕಡಿಮೆ, 5 ಗಿಗಾಬಿಟ್ ವೇಗದ ಯುಎಸ್‌ಬಿ ಪೋರ್ಟಿಗೆ ಚುಚ್ಚಿದ ಅಡಾಪ್ಟರ್ ನಿಜದಲ್ಲಿ 3.5ರ ಹತ್ತಿರ ನಿಲ್ಲುತ್ತದೆ. ಮದರ್‌ಬೋರ್ಡಿನಲ್ಲಿ ಉಚಿತವಾಗಿ ಬಂದಿದ್ದರೆ ಬಳಸಿ, ಅಷ್ಟೆ.

ಈಗ ಬಹಳ ಮಂದಿ ಎಡವುವ ಜಾಗ. 10 ಗಿಗಾಬಿಟ್ ಎಂದು ಬರೆದಿದ್ದರೆ 2.5 ತಾನಾಗಿ ನಡೆಯುತ್ತದೆ ಎಂದುಕೊಳ್ಳುವುದು ಸಹಜ. ಆದರೆ ತಾಮ್ರದ 10 ಗಿಗಾಬಿಟ್ ಮಾನದಂಡ ಬಂದದ್ದು 2006ರಲ್ಲಿ, 2.5 ಹುಟ್ಟುವುದಕ್ಕೆ ಹತ್ತು ವರ್ಷ ಮೊದಲು. ಹಳೆಯ 10 ಗಿಗಾಬಿಟ್ ಸಾಧನಕ್ಕೆ ನಡುವಿನ ವೇಗಗಳ ಪರಿಚಯವೇ ಇರುವುದಿಲ್ಲ. ಇಂಟೆಲ್ ಎಕ್ಸ್540 ಕಾರ್ಡನ್ನು 2.5ರ ಸ್ವಿಚ್ಚಿಗೆ ಚುಚ್ಚಿದರೆ ಲಿಂಕ್ 1 ಗಿಗಾಬಿಟ್ಟಿಗೆ ಇಳಿದು ಕೂರುತ್ತದೆ. ಅದರ ಮುಂದಿನ ಎಕ್ಸ್550 ನಡುವಿನ ವೇಗಗಳನ್ನೂ ಬಲ್ಲದು. ಬೇಕಾದ ಮಾಡ್ಯೂಲನ್ನೋ ಕೇಬಲ್ ತಲೆಯನ್ನೋ ಕೂರಿಸುವ ಎಸ್‌ಎಫ್‌ಪಿ ಪ್ಲಸ್ ಕಿಂಡಿಗಳದ್ದೂ ಹೀಗೆಯೇ, ಹಲವಕ್ಕೆ 1 ಮತ್ತು 10 ಎರಡೇ ಗೊತ್ತು. ಕೊಳ್ಳುವ ಮೊದಲು ವಿವರಪಟ್ಟಿಯಲ್ಲಿ 1, 2.5, 5, 10 ನಾಲ್ಕೂ ಬರೆದಿವೆಯೇ ನೋಡಿ.

ಕಾರ್ಡ್ ಕೂರುವ ಸ್ಲಾಟೂ ಮುಖ್ಯ. ಮದರ್‌ಬೋರ್ಡಿನ ಪಿಸಿಐಇ ಸ್ಲಾಟಿನಲ್ಲಿ ಡೇಟಾ ಸಾಗುವ ಒಂದೊಂದು ದಾರಿಗೆ ಲೇನ್ ಎನ್ನುತ್ತಾರೆ. ಪಿಸಿಐಇ 2.0ರ ಒಂದು ಲೇನ್ ಸುಮಾರು 4 ಗಿಗಾಬಿಟ್, 3.0ರ ಒಂದು ಲೇನ್ 8ಕ್ಕಿಂತ ತುಸು ಕಡಿಮೆ ಸಾಗಿಸುತ್ತದೆ. 2.5ರ ಕಾರ್ಡಿಗೆ ಎಂಥ ಸಣ್ಣ ಸ್ಲಾಟಾದರೂ ಆದೀತು. 10ರ ಕಾರ್ಡಿಗೆ ನಾಲ್ಕು ಲೇನ್ ಇರುವ ಸ್ಲಾಟ್ ಬಿಟ್ಟಿಡಿ. ಕೆಲವು ಬೋರ್ಡುಗಳಲ್ಲಿ ಉದ್ದನೆಯ ಸ್ಲಾಟಿಗೂ ಒಳಗೆ ಒಂದೇ ಲೇನ್ ಬೆಸೆದಿರುತ್ತಾರೆ. ಕಣ್ಣಳತೆ ನಂಬದೆ ಮದರ್‌ಬೋರ್ಡಿನ ಕೈಪಿಡಿ ನೋಡಿ.

ಸರ್ವರ್‌ಗಳಿಂದ ಬಿಚ್ಚಿದ ಹಳೆಯ ಕಾರ್ಡುಗಳು, ಉದಾಹರಣೆಗೆ ಇಂಟೆಲ್ ಎಕ್ಸ್520 ಅಥವಾ ಮೆಲನಾಕ್ಸ್ ಕನೆಕ್ಟ್‌ಎಕ್ಸ್-3, ಕಡಿಮೆ ಖರ್ಚಿನಲ್ಲಿ 10 ಗಿಗಾಬಿಟ್ ಮುಟ್ಟಲು ಒಳ್ಳೆಯ ದಾರಿ. ಎರಡು ಎಚ್ಚರಿಕೆ ಬೇಕು. ಇವನ್ನು ಸರ್ವರಿನ ಬಿರುಗಾಳಿಯಂಥ ಫ್ಯಾನಿಗೆ ತಕ್ಕಂತೆ ಮಾಡಿದ್ದಾರೆ. ಸದ್ದಿಲ್ಲದ ಡೆಸ್ಕ್‌ಟಾಪಿನಲ್ಲಿ ಹೀಟ್‌ಸಿಂಕ್ ಮುಟ್ಟಲಾಗದಷ್ಟು ಕಾಯುತ್ತದೆ, ಅದರ ಮೇಲೆ ಗಾಳಿ ಹಾಯುವಂತೆ ಒಂದು ಸಣ್ಣ ಫ್ಯಾನ್ ಕಟ್ಟಿ. ಇನ್ನೊಂದು, ಎಕ್ಸ್520 ತನ್ನ ಪಟ್ಟಿಯಲ್ಲಿಲ್ಲದ ಆಪ್ಟಿಕಲ್ ಮಾಡ್ಯೂಲನ್ನು ಸುಮ್ಮನೆ ಒಪ್ಪುವುದಿಲ್ಲ. ಲಿನಕ್ಸಿನಲ್ಲಿ ಡ್ರೈವರ್‌ನ ಒಂದು ಆಯ್ಕೆ ಬದಲಿಸಿದರೆ ಒಪ್ಪುತ್ತದೆ.

10 ಗಿಗಾಬಿಟ್ ಬೇಕೇ ಬೇಕೆಂದರೆ: ತಾಮ್ರವೋ ಎಸ್‌ಎಫ್‌ಪಿ ಪ್ಲಸ್ಸೋ

ಒಂದೇ ರ‍್ಯಾಕಿನಲ್ಲಿ ಅಥವಾ ಒಂದೇ ಮೇಜಿನ ಕೆಳಗೆ ಇರುವ ಸರ್ವರ್, ಸ್ಟೋರೇಜ್ ಮತ್ತು ಸ್ವಿಚ್ಚನ್ನು ಜೋಡಿಸಲು ಡ್ಯಾಕ್ ಕೇಬಲ್ಲಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಎರಡೂ ತುದಿಗೆ ಎಸ್‌ಎಫ್‌ಪಿ ಪ್ಲಸ್ ತಲೆ ಇರುವ, 1ರಿಂದ 5 ಮೀಟರಿನ ದಪ್ಪ ತಾಮ್ರದ ಕೇಬಲ್ ಅದು. ವಿದ್ಯುತ್ ಹೆಚ್ಚುಕಡಿಮೆ ಸೊನ್ನೆ, ಬಿಸಿಯಾಗುವುದಿಲ್ಲ, ವಿಳಂಬವೂ ಕಡಿಮೆ.

ಕೋಣೆಯಿಂದ ಕೋಣೆಗೆ ಎಂದರೆ ಲೆಕ್ಕ ಬೇರೆ. ಗೋಡೆಯಲ್ಲಿ ಒಳ್ಳೆಯ ಕ್ಯಾಟ್ 6 ಇದ್ದರೆ ತಾಮ್ರದ 10 ಗಿಗಾಬಿಟ್ ಸಹಜ ಆಯ್ಕೆ, ಆದರೆ ಅದು ವಿದ್ಯುತ್ ತಿನ್ನುತ್ತದೆ. ಪೋರ್ಟಿಗೆ 2ರಿಂದ 5 ವ್ಯಾಟ್, ಎರಡೂ ತುದಿಗೆ. ದಿನವಿಡೀ ಉರಿಯುವ 10 ವ್ಯಾಟ್ ಎಂದರೆ ವರ್ಷಕ್ಕೆ ಸುಮಾರು 88 ಯೂನಿಟ್. ಐದು ವರ್ಷದ ಬಿಲ್ ಸೇರಿಸಿ ನೋಡಿದರೆ ಅಗ್ಗದ ಸ್ವಿಚ್ ಅಗ್ಗವಾಗಿ ಉಳಿಯದೆ ಹೋಗಬಹುದು. ಎಸ್‌ಎಫ್‌ಪಿ ಪ್ಲಸ್ ಸ್ವಿಚ್ಚಿಗೆ ಆರ್‌ಜೆ45 ಮಾಡ್ಯೂಲ್ ಹಾಕುವವರು ಇನ್ನೂ ಎಚ್ಚರ ವಹಿಸಬೇಕು. ಆ ಕಿಂಡಿಯನ್ನು ರೂಪಿಸಿರುವುದು ಸುಮಾರು 1.5 ವ್ಯಾಟಿಗೆ, ಈ ಮಾಡ್ಯೂಲ್ ಎಳೆಯುವುದು 2.5ರ ಹತ್ತಿರ. ಹೆಚ್ಚಿನವು 30 ಮೀಟರ್‌ವರೆಗಷ್ಟೇ ಎಂದು ಬರೆದಿರುತ್ತವೆ. ಅಕ್ಕಪಕ್ಕದ ಕಿಂಡಿಗಳಲ್ಲಿ ಎರಡನ್ನು ಹಾಕಬೇಡಿ, ನಡುವೆ ಒಂದು ಖಾಲಿ ಬಿಡಿ. ಮಧ್ಯಾಹ್ನದ ಸೆಖೆಯಲ್ಲಿ ಲಿಂಕ್ ಬಿದ್ದು ರಾತ್ರಿ ತಾನೇ ಸರಿಹೋಗುತ್ತಿದ್ದರೆ ಮೊದಲು ಈ ಮಾಡ್ಯೂಲನ್ನು ಮುಟ್ಟಿ ನೋಡಿ.

ಹೊಸದಾಗಿ ಎಳೆಯುವುದಾದರೆ ಬೆಳಕಿನಲ್ಲಿ ಡೇಟಾ ಸಾಗಿಸುವ ಗಾಜಿನೆಳೆ, ಅಂದರೆ ಫೈಬರ್, ಮನಸ್ಸಿಗೆ ಬರಲೇಬೇಕು. ಕಡಿಮೆ ದೂರಕ್ಕೆ ಬಳಸುವ ಒಎಂ3 ಮಲ್ಟಿಮೋಡ್ ಫೈಬರಿನಲ್ಲಿ 10 ಗಿಗಾಬಿಟ್ 300 ಮೀಟರ್ ಹೋಗುತ್ತದೆ, ಸಿಂಗಲ್‌ಮೋಡಿನಲ್ಲಿ 10 ಕಿಲೋಮೀಟರ್. ಮಾಡ್ಯೂಲ್ ಒಂದು ವ್ಯಾಟಿನ ಸುತ್ತಮುತ್ತ ಮುಗಿಸುತ್ತದೆ. ಗೋಡೆಯೊಳಗೆ ಹೂಳುವುದಕ್ಕೆ ಸಿಂಗಲ್‌ಮೋಡೇ ಲೇಸು: ಮಾಡ್ಯೂಲಿಗೆ ತುಸು ಹೆಚ್ಚು ಕೊಟ್ಟರೂ ಮುಂದೆ 25, 100 ಗಿಗಾಬಿಟ್ಟಿಗೆ ಹೋಗುವಾಗ ಫೈಬರ್ ಬದಲಿಸಬೇಕಿಲ್ಲ. ಫೈಬರ್ ಮತ್ತು ಮಾಡ್ಯೂಲ್ ಒಂದೇ ಜಾತಿಯವಿರಲಿ. ಮಲ್ಟಿಮೋಡಿನ ಎಸ್‌ಆರ್ ಮಾಡ್ಯೂಲನ್ನು ಸಿಂಗಲ್‌ಮೋಡ್ ಫೈಬರಿಗೆ ಚುಚ್ಚಿದರೆ ಲಿಂಕ್ ಬರುವುದಿಲ್ಲ. ಲಿಂಕ್ ಬರದಿದ್ದರೆ ಮೊದಲು ಎರಡು ಎಳೆಗಳನ್ನು ಅದಲುಬದಲು ಮಾಡಿ ನೋಡಿ, ಆಮೇಲೆ ತುದಿ ಒರೆಸಿ. ತುದಿಯೊಳಗೆ ಕಣ್ಣಿಟ್ಟು ನೋಡಬೇಡಿ, ಆ ಬೆಳಕು ಕಾಣದಿದ್ದರೂ ಕಣ್ಣಿಗೆ ಅಪಾಯ.

ಎರಡು ಬೇರೆ ಕಟ್ಟಡಗಳ ನಡುವೆ ಮಾತ್ರ ತಾಮ್ರದ ಮಾತೇ ಬೇಡ. ಎರಡು ಕಟ್ಟಡಗಳ ಅರ್ಥಿಂಗ್ ಒಂದೇ ಮಟ್ಟದಲ್ಲಿರುವುದಿಲ್ಲ, ಸಿಡಿಲು ಹತ್ತಿರ ಬಿದ್ದರೆ ತಂತಿಯುದ್ದಕ್ಕೂ ಬಂದು ಎರಡೂ ಕಡೆಯ ಸ್ವಿಚ್ಚನ್ನು ಸುಡಬಹುದು. ಫೈಬರಿನ ಗಾಜಿಗೆ ಆ ಭಯವಿಲ್ಲ. ಆದರೆ ಲೋಹದ ಕವಚವಿಲ್ಲದ ಫೈಬರನ್ನೇ ಆರಿಸಿ.

ಸ್ವಿಚ್

8 ಪೋರ್ಟಿನ ಗಿಗಾಬಿಟ್ ಸ್ವಿಚ್ಚಿನ ಮೇಲೆ 16 ಗಿಗಾಬಿಟ್ ಸಾಮರ್ಥ್ಯ ಎಂದಿದ್ದರೆ ಎಲ್ಲ ಪೋರ್ಟುಗಳೂ ಎರಡೂ ದಿಕ್ಕಿನಲ್ಲಿ ಪೂರ್ತಿ ಓಡಬಲ್ಲವು ಎಂದರ್ಥ. ಇಂದಿನ ಸಾಮಾನ್ಯ ಸ್ವಿಚ್ಚುಗಳೆಲ್ಲ ಇದನ್ನು ಮುಟ್ಟುತ್ತವೆ, ಇದಕ್ಕಾಗಿ ಹೆಚ್ಚು ಕೊಡಬೇಡಿ. ಹೆಚ್ಚು ಕೊಡಬೇಕಾದದ್ದು ಒಂದೇ ಸ್ವಿಚ್ಚಿನಲ್ಲಿ ಬೇರೆ ಬೇರೆ ನೆಟ್‌ವರ್ಕ್ ಮಾಡುವ ವಿಎಲ್ಯಾನ್ ಬೇಕಿದ್ದಾಗ. ಕ್ಯಾಮೆರಾಗಳನ್ನು, ಅತಿಥಿಗಳ ಸಾಧನಗಳನ್ನು ಬೇರೆ ಇಡಬೇಕೆಂದರೆ ಸೆಟ್ಟಿಂಗ್ ಬದಲಿಸಬಹುದಾದ ಮ್ಯಾನೇಜ್ಡ್ ಸ್ವಿಚ್ ಬೇಕು. ಇಲ್ಲದಿದ್ದರೆ ಸಾದಾ ಸ್ವಿಚ್ ಸಾಕು, ಒಂದನ್ನು ಬಿಟ್ಟು: ಒಂದೇ ಪ್ಯಾಚ್ ಕಾರ್ಡಿನ ಎರಡೂ ತುದಿಯನ್ನು ಯಾರಾದರೂ ಅದೇ ಸ್ವಿಚ್ಚಿಗೆ ಚುಚ್ಚಿದರೆ ಪ್ಯಾಕೆಟ್ಟುಗಳು ಸುತ್ತುತ್ತಲೇ ಇದ್ದು ನೆಟ್‌ವರ್ಕ್ ಪೂರ್ತಿ ನಿಲ್ಲುತ್ತದೆ. ಎಲ್ಲ ದೀಪಗಳೂ ಒಟ್ಟಿಗೆ ಒಂದೇ ಸಮನೆ ಮಿಣುಕುವುದು ಅದರ ಗುರುತು.

ಎರಡು 1 ಗಿಗಾಬಿಟ್ ಪೋರ್ಟುಗಳನ್ನು ಜೋಡಿಸಿ 2 ಮಾಡಿಕೊಳ್ಳುವ ಆಸೆ ಬಹಳ ಜನರಿಗಿದೆ. ಲಿಂಕ್ ಅಗ್ರಿಗೇಶನ್ ಒಂದು ಸಂಪರ್ಕವನ್ನು ಒಂದೇ ತಂತಿಯಲ್ಲಿ ಕಳಿಸುತ್ತದೆ. ಇಬ್ಬರು ಏಕಕಾಲಕ್ಕೆ ಬಳಸಿದಾಗ ಲಾಭ, ಒಬ್ಬರೇ ಒಂದು ಫೈಲ್ ನಕಲಿಸಿದರೆ ಸೆಕೆಂಡಿಗೆ ಅದೇ 117 ಮೆಗಾಬೈಟ್. ಆ ಹಣವನ್ನು 2.5ಕ್ಕೆ ಹಾಕಿ.

ಪಿಒಇ ಸ್ವಿಚ್ಚಿನಲ್ಲಿ ಪೋರ್ಟಿನ ಸಂಖ್ಯೆಗಿಂತ ಒಟ್ಟು ವ್ಯಾಟ್ ಮುಖ್ಯ. ಮೂಲ ಮಾನದಂಡ ಪೋರ್ಟಿಗೆ 15.4 ವ್ಯಾಟ್, ಪಿಒಇ ಪ್ಲಸ್ ಎಂಬುದು 30, ಹೊಸದು 60 ಮತ್ತು 90 ಕೊಡುತ್ತದೆ. 8 ಪೋರ್ಟಿದ್ದು ಒಟ್ಟು 60 ವ್ಯಾಟ್ ಎಂದಿದ್ದರೆ ಎಂಟಕ್ಕೂ 15.4 ಸಿಗುವುದಿಲ್ಲ. ಈ ಕೊರತೆ ಹಗಲಲ್ಲಿ ಕಾಣುವುದೂ ಇಲ್ಲ. ಕತ್ತಲಾಗಿ ಕ್ಯಾಮೆರಾಗಳ ಇನ್ಫ್ರಾರೆಡ್ ದೀಪ ಹೊತ್ತಿಕೊಂಡಾಗ ವಿದ್ಯುತ್ ಬಳಕೆ ಏರಿ, ಒಂದೆರಡು ಕ್ಯಾಮೆರಾ ರೀಬೂಟ್ ಆಗುತ್ತಲೇ ಇರುತ್ತವೆ. ಸಾಧನಗಳ ಗರಿಷ್ಠ ವ್ಯಾಟ್ ಕೂಡಿಸಿ, ಮೇಲೆ ಕಾಲುಭಾಗ ಸೇರಿಸಿ ಸ್ವಿಚ್ ಆರಿಸಿ. 24 ವೋಲ್ಟಿನ ಪ್ಯಾಸಿವ್ ಪಿಒಇ ಬೇರೆಯದೇ ಜಾತಿ. ಅದು ಕೇಳದೆಯೇ ವಿದ್ಯುತ್ ಹರಿಸುತ್ತದೆ, ತಪ್ಪು ಸಾಧನ ಸುಟ್ಟುಹೋದೀತು.

ಜೋಡಿಸಿದ ಮೇಲೆ

ಫೈಲ್ ನಕಲು ಸೆಕೆಂಡಿಗೆ 11 ಮೆಗಾಬೈಟಿನಲ್ಲಿ ನಿಂತಿದ್ದರೆ ಲಿಂಕ್ 100 ಮೆಗಾಬಿಟ್ಟಿಗೆ ಇಳಿದಿದೆ. ಅಷ್ಟಕ್ಕೆ 1, 2, 3, 6ನೇ ತಂತಿ ಸಾಕು; ಗಿಗಾಬಿಟ್ಟಿಗೆ ಎಂಟೂ ಬೇಕು. ಆದ್ದರಿಂದ 4-5ರ ನೀಲಿ ಜೋಡಿ ಅಥವಾ 7-8ರ ಕಂದು ಜೋಡಿಯಲ್ಲಿ ಯಾವುದೋ ಒಂದು ತಂತಿ ಜ್ಯಾಕಿನಲ್ಲಿ ಸರಿಯಾಗಿ ಕೂತಿಲ್ಲ. ಆ ಎರಡನ್ನು ಮತ್ತೆ ಒತ್ತಿ.

ಟೆಸ್ಟರಿನ ಎಂಟೂ ದೀಪ ಸಾಲಾಗಿ ಹೊತ್ತಿದರೂ ಗಿಗಾಬಿಟ್ ನಿಲ್ಲದಿದ್ದರೆ ಜೋಡಿ ಒಡೆದಿರಬಹುದು. 3 ಮತ್ತು 6 ಒಂದೇ ಜೋಡಿಯ ತಂತಿಗಳಾಗಿರಬೇಕು. ಬಣ್ಣದ ಕ್ರಮ ನೋಡದೆ ಜೋಡಿಗಳನ್ನು ವರಸೆಯಾಗಿ 1-2, 3-4, 5-6, 7-8 ಎಂದು ಎರಡೂ ತುದಿಗೆ ಕೂರಿಸಿದರೆ ಅಗ್ಗದ ಟೆಸ್ಟರ್ ಸರಿಯೆನ್ನುತ್ತದೆ, ಸಂಕೇತ ಮಾತ್ರ ಒಂದು ಜೋಡಿಯಿಂದ ಇನ್ನೊಂದಕ್ಕೆ ಸೋರುತ್ತದೆ. ತಂತಿಗಳ ಬಣ್ಣಕ್ಕೆ ಎ ಮತ್ತು ಬಿ ಎಂಬ ಎರಡು ನಿಗದಿತ ಕ್ರಮಗಳಿವೆ, ಯಾವುದಾದರೂ ಒಂದನ್ನು ಎರಡೂ ತುದಿಗೆ ಪಾಲಿಸಿ. ಲಿಂಕ್ ಸರಿಯಿದ್ದೂ ಆಗಾಗ ಎರಡು ಸೆಕೆಂಡ್ ಬಿದ್ದು ಏಳುತ್ತಿದ್ದರೆ ಕಾರ್ಡಿನ ವಿದ್ಯುತ್ ಉಳಿತಾಯದ ಈಥರ್ನೆಟ್ ಆಯ್ಕೆಯನ್ನು ಆಫ್ ಮಾಡಿ ನೋಡಿ. ವೇಗವನ್ನು ಒಂದೇ ತುದಿಯಲ್ಲಿ ಕೈಯಾರೆ ನಿಗದಿ ಮಾಡಬೇಡಿ, ಎರಡೂ ಕಡೆ ಆಟೊ ಇರಲಿ. ಪ್ಯಾಕೆಟ್ಟಿನ ಗಾತ್ರ ಹಿಗ್ಗಿಸುವ ಜಂಬೊ ಫ್ರೇಮಿನಿಂದ ಸಿಗುವ ಹೆಚ್ಚಿನ ವೇಗ ಶೇ. 4ರ ಹತ್ತಿರ, ದಾರಿಯಲ್ಲಿರುವ ಒಂದು ಸಾಧನ ಒಪ್ಪದಿದ್ದರೂ ಪಿಂಗ್ ಹೋಗಿ ದೊಡ್ಡ ಫೈಲ್ ನಡುವೆ ಸಿಕ್ಕಿಬೀಳುತ್ತದೆ. ಗಾತ್ರವನ್ನು ಎಂದಿನ 1500 ಬೈಟ್‌ನಲ್ಲೇ ಬಿಡುವುದು ಕ್ಷೇಮ.

ಡಿಸ್ಕನ್ನು ಬದಿಗಿಟ್ಟು ತಂತಿಯನ್ನಷ್ಟೇ ಅಳೆಯಲು ಎರಡೂ ಕಂಪ್ಯೂಟರಿನಲ್ಲಿ ನೆಟ್‌ವರ್ಕ್ ವೇಗ ಅಳೆಯುವ ತಂತ್ರಾಂಶ ಐಪರ್ಫ್3 ಹಾಕಿ. ಗಿಗಾಬಿಟ್ಟಿಗೆ 940 ಮೆಗಾಬಿಟ್, 2.5ಕ್ಕೆ 2.35 ಗಿಗಾಬಿಟ್, 10ಕ್ಕೆ 9.4 ಬಂದರೆ ತಂತಿ ಸರಿಯಿದೆ, ತೊಂದರೆ ಬೇರೆ ಕಡೆ ಹುಡುಕಿ. 10ರಲ್ಲಿ ಕಡಿಮೆ ಬಂದರೆ ನಾಲ್ಕು ಹರಿವುಗಳನ್ನು ಒಟ್ಟಿಗೆ ಓಡಿಸಿ. ಆಗ ಏರಿದರೆ ಕೇಬಲ್ಲಿನ ತಪ್ಪಲ್ಲ, ಪ್ರೊಸೆಸರಿನ ಒಂದು ಕೋರ್ ಸಾಲುತ್ತಿಲ್ಲ. ದಿಕ್ಕು ತಿರುಗಿಸಿಯೂ ಅಳೆಯಿರಿ, ಒಂದೇ ದಿಕ್ಕಿನಲ್ಲಿ ಕುಸಿಯುವ ಲಿಂಕುಗಳು ಅಪರೂಪವಲ್ಲ.

ಈ ಅಳತೆಯನ್ನು ಗೋಡೆಗೆ ಗಾರೆ ಹಚ್ಚುವ ಮೊದಲೇ ಮಾಡಿ. ಒಂದೊಂದು ಎಳೆತಕ್ಕೂ ಜ್ಯಾಕ್ ಕೂರಿಸಿ, ಎರಡೂ ತುದಿಗೆ ಒಂದೇ ನಂಬರ್ ಬರೆದು, ಮುಂದೆ ಓಡಿಸಬೇಕೆಂದಿರುವ ವೇಗದಲ್ಲಿ ಹತ್ತು ನಿಮಿಷ ಓಡಿಸಿ. ಅಷ್ಟು ವೇಗದ ಕಾರ್ಡ್ ಕೈಯಲ್ಲಿಲ್ಲದಿದ್ದರೆ ಎರಡು ದಿನಕ್ಕೆ ಎರವಲು ತನ್ನಿ. ಪ್ರತಿ ಜ್ಯಾಕಿನ ಹಿಂದೆ ಗೇಣುದ್ದ ಕೇಬಲ್ ಹೆಚ್ಚಿಗೆ ಸುತ್ತಿಟ್ಟರೆ ಮತ್ತೊಮ್ಮೆ ಕತ್ತರಿಸಿ ಒತ್ತಲು ಜಾಗವಿರುತ್ತದೆ. ಪೈಪಿನಲ್ಲಿ ಒಂದು ನೈಲಾನ್ ದಾರ ಬಿಟ್ಟಿದ್ದರೆ ಇನ್ನೊಂದು ಕೇಬಲ್ಲೋ ಫೈಬರೋ ಆಮೇಲೆ ಎಳೆದುಕೊಳ್ಳಬಹುದು.